ಪದಚರ್ಚೆ: ‘ನ್ಯಾನೋ’ ಗೊಬ್ಬರಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ರೈತರಿಗಾಗಿ ಹೊರಡುವ ಒಂದು ಸಣ್ಣ ಪತ್ರಿಕೆಗೆ ಬೀಜ, ಗೊಬ್ಬರಗಳ ಪದಕೋಶ ಸಿದ್ಧ ಮಾಡುತ್ತಿದ್ದೇನೆ. ಬಾಟಲಿಯಲ್ಲಿ ಮಾರುವ, ಎಲೆಗೆ ಸಿಂಪಡಿಸುವ ದ್ರವಗೊಬ್ಬರದ ‘ನ್ಯಾನೋ’ ಹತ್ತಿರ ಬಂದು ಗಾಡಿ ನಿಂತಿದೆ. ಯೂರಿಯಾವೇ ಕನ್ನಡದ್ದಲ್ಲ, ಇನ್ನು ನ್ಯಾನೋಗೇನು ತಕರಾರು ಎಂದು ಕೆಲವರು ಕೇಳುತ್ತಾರೆ. ನನ್ನದು ಭಾಷೆಯ ಮಡಿವಂತಿಕೆಯಲ್ಲ. ಈ ಪದ ಕೊಳ್ಳುವವನಿಗೆ ಏನನ್ನೂ ತಿಳಿಸುತ್ತಿಲ್ಲ, ಮಾರುವವನಿಗೆ ಮಾತ್ರ ಚೆನ್ನಾಗಿ ದುಡಿಯುತ್ತಿದೆ.

ಬೇರೆ ಜೀವಿಯ ವಂಶವಾಹಿ ಸೇರಿಸಿದ ಬೆಳೆಗೆ ಹೇಳುವ ‘ಕುಲಾಂತರಿ’ಯನ್ನು ನೋಡಿ. ಪಕ್ಷಾಂತರಿ, ಮತಾಂತರಗಳ ನೆಂಟಸ್ತನ ಅದಕ್ಕೆ. ಕಿವಿಗೆ ಬಿದ್ದ ಕೂಡಲೇ ಯಾರ ಕುಲಕ್ಕೆ ಏನನ್ನು ತಂದು ಸೇರಿಸಿದರು ಎಂಬ ಪ್ರಶ್ನೆ ಏಳುತ್ತದೆ. 2010ರ ಫೆಬ್ರುವರಿ 9ರಂದು ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಕುಲಾಂತರಿ ತಳಿಯಾದ ಬಿಟಿ ಬದನೆಗೆ ತಡೆ ಹಾಕುವ ತನಕ, ಮಟ್ಟುಗುಳ್ಳ ಎಂಬ ಬದನೆಯ ಉಡುಪಿಯಿಂದ ಬಯಲುಸೀಮೆಯವರೆಗೆ ಈ ಪದ ಹಿಡಿದೇ ಜನ ವಾದ ಮಾಡಿದರು. ಪಕ್ಷಪಾತದ ಪದ ಎಂದು ವಿಜ್ಞಾನಿಗಳು ಮುನಿಸಿಕೊಳ್ಳಬಹುದು, ಇರಲಿ. ನ್ಯಾನೋ ಎಂದರೆ ನಮ್ಮಲ್ಲಿ ಬಹಳ ಮಂದಿಗೆ ಮೊದಲು ನೆನಪಾಗುವುದು ಟಾಟಾದವರ ಕಾರು. ಚಿಕ್ಕದು, ಅಗ್ಗದ್ದು, ಮುಗಿಯಿತು.

ಯುರೋಪಿನ ಒಕ್ಕೂಟದಲ್ಲಿ 2014ರ ಡಿಸೆಂಬರಿನಿಂದ ಆಹಾರದ ಪೊಟ್ಟಣದ ಮೇಲೆ ನ್ಯಾನೋ ರೂಪದ ಘಟಕವಿದ್ದರೆ ಅದರ ಹೆಸರಿನ ಪಕ್ಕ ಕಂಸದಲ್ಲಿ ‘ನ್ಯಾನೋ’ ಎಂದು ನಮೂದಿಸಲೇಬೇಕು. ತಿನ್ನುವವರಿಗೆ ಗೊತ್ತಿರಲಿ ಎಂದು. ನಮ್ಮ ಗೊಬ್ಬರದ ಬಾಟಲಿಯಲ್ಲಿ ಅದೇ ಪದ ದಪ್ಪಕ್ಷರದ ಹೆಗ್ಗಳಿಕೆ.

ಸರಿ, ಕನ್ನಡದಲ್ಲಿ ಏನಿದೆ? ಗ್ರೀಕ್ ಮೂಲದಲ್ಲಿ ಕುಳ್ಳ ಎಂದರ್ಥ. ಅಳತೆಯಲ್ಲಿ ಮೀಟರಿನ ನೂರು ಕೋಟಿ ಪಾಲಿನಲ್ಲಿ ಒಂದು. ಸಾಮಾನ್ಯವಾಗಿ 1ರಿಂದ 100 ನ್ಯಾನೋಮೀಟರ್ ಒಳಗಿನ ಕಣಗಳಿಗೆ ಈ ಹೆಸರು. ‘ಗಿಡ್ಡ’ ಎನ್ನೋಣವೆಂದರೆ ಗಿಡ್ಡ ತಳಿಗಳು ಆಗಲೇ ಆ ಜಾಗ ಹಿಡಿದಿವೆ. ‘ಅತಿಸೂಕ್ಷ್ಮ ಗೊಬ್ಬರ’ ಎಂದರೆ ಸತು, ಬೋರಾನ್‌ನಂಥ ಸೂಕ್ಷ್ಮ ಪೋಷಕಾಂಶದ ಜೊತೆ ಕಲಸಿಹೋಗುತ್ತದೆ. ‘ಅಣುಗೊಬ್ಬರ’ ಎಂದರೆ ಕೈಗಾ ಅಣುಸ್ಥಾವರ ನೆನಪಾಗುತ್ತದೆ. ‘ಕಿರುಗಣ’ ಎಂದು ಸಂಧಿ ಮಾಡಿದರೆ ಶಿವನ ಗಣಗಳಲ್ಲಿ ಚಿಕ್ಕವರು ಯಾರೋ ಬಂದಂತಿದೆ. ‘ನವಿರು’ ಚಂದವೇನೋ ಹೌದು, ಜಾಹೀರಾತಿಗೆ ನಾವೇ ಇನ್ನೊಂದು ವಿಶೇಷಣ ಒದಗಿಸಿದಂತೆ.

ಇದಕ್ಕಿಂತ ತೊಡಕಿನದು ‘ಸಮ’. 2021ರಲ್ಲಿ ಗೊಬ್ಬರ ತಯಾರಿಸುವ ಇಫ್ಕೋ ಸಂಸ್ಥೆ ನ್ಯಾನೋ ಯೂರಿಯಾ ಹೊರತಂದಾಗ 500 ಮಿ.ಲೀ. ಬಾಟಲಿ 45 ಕಿಲೋ ಚೀಲಕ್ಕೆ ಸಮ ಎಂಬ ಪ್ರಚಾರ ನಡೆಯಿತು. ಯಾವುದರಲ್ಲಿ ಸಮ? ಚೀಲದ ಯೂರಿಯಾದಲ್ಲಿ ಸಾರಜನಕ ಶೇ 46, ಅಂದರೆ 20 ಕಿಲೋಗೂ ಮೇಲೆ. ಆಗಿನ ಬಾಟಲಿಯಲ್ಲಿ ಶೇ 4, ಅಂದರೆ ಸುಮಾರು 20 ಗ್ರಾಂ. ಮಣ್ಣಿಗೆ ಎರಚಿದ್ದರಲ್ಲಿ ಬಹಳಷ್ಟು ಪೋಲಾಗುತ್ತದೆ, ಎಲೆಗೆ ಸಿಂಪಡಿಸಿದ್ದು ಗಿಡಕ್ಕೇ ಸೇರುತ್ತದೆ ಎಂಬುದು ತಯಾರಕರ ವಾದ. ಪೋಲಾಗುವುದು ನಿಜ. ಆದರೆ ಸಾವಿರ ಪಟ್ಟಿನ ಅಂತರವನ್ನು ಆ ಲೆಕ್ಕ ತುಂಬಿಕೊಡುವುದಿಲ್ಲ. ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಎರಡು ವರ್ಷದ ಪ್ರಯೋಗದಲ್ಲಿ, ಚೀಲದ ಸಾರಜನಕ ಕಡಿತ ಮಾಡಿ ನ್ಯಾನೋ ಸಿಂಪಡಿಸಿದ ಕಡೆ ಭತ್ತದ ಇಳುವರಿ ಶೇ 13, ಗೋಧಿಯದು ಶೇ 21.6 ಇಳಿದಿತ್ತು. ಹಾಗಾಗಿ ‘ಚೀಲಕ್ಕೆ ಸಮ’ ಎಂಬಲ್ಲಿ ‘ಚೀಲದ ಬದಲಿಗೆ ಮಾರುವ’ ಎಂದು ಬರೆದಿದ್ದೇನೆ. ಸಂಪಾದಕರಿಗೆ ಅದು ಕುಹಕವಾಗಿ ಕಂಡಿದೆ. ನನಗೆ ಇದ್ದದ್ದನ್ನು ಇದ್ದಂತೆ ಹೇಳಿದ ಹಾಗಿದೆ.

ಇನ್ನು ‘ಲಿಂಕ್’. ಹಾವೇರಿ ಕಡೆ ಮೆಕ್ಕೆಜೋಳ ಮೊಣಕಾಲುದ್ದ ಬಂದು ಮೇಲುಗೊಬ್ಬರ ಕೊಡುವ ಹೊತ್ತಿಗೆ ಒಂದು ಗೊಬ್ಬರದಂಗಡಿ ಮುಂದೆ ನಿಂತಿದ್ದೆ. “ಬರೇ ಯೂರಿಯಾ ಕೊಡಂಗಿಲ್ರಿ, ಲಿಂಕ್ ತಗೋಬೇಕು” ಎಂದ ಅಂಗಡಿಯಾತ. ನನ್ನ ಮುಂದಿದ್ದ ಅಜ್ಜ ಚೀಲಕ್ಕೂ ಲಿಂಕ್ ಆಗಿ ಬಂದ ನ್ಯಾನೋ ಬಾಟಲಿಗೂ ದುಡ್ಡು ಕೊಟ್ಟು, ಬಾಟಲಿಯನ್ನು ಕಟ್ಟೆಯ ಮೇಲೇ ಬಿಟ್ಟು, ಚೀಲ ಹೊತ್ತು ನಡೆದ. ಹೀಗೆ ಬಲವಂತವಾಗಿ ಮಾರಕೂಡದೆಂದು ಸರಕಾರವೇ ಹೇಳಿದೆ. ಕಡತದ ಭಾಷೆಯಲ್ಲಿ ಇದು ಟ್ಯಾಗಿಂಗ್. ‘ಕೊರಳಿಗೆ ಕಟ್ಟುವುದು’ ಎಂಬ ನಮ್ಮ ಮಾತು ಇದಕ್ಕೇ ಹುಟ್ಟಿದಂತಿದೆ. ‘ಕೊರಳುಗಟ್ಟು ಮಾರಾಟ’ ಎಂದು ಹಾಕುವ ಆಸೆಯೂ ಇದೆ. ಆದರೆ ‘ಲಿಂಕ್ ಗೊಬ್ಬರ’ ಈಗ ಹೊಲದ ಮಾತೇ ಆಗಿರುವುದರಿಂದ ಮುಖ್ಯ ನಮೂದು ಅದೇ ಇರಲಿ, ನನ್ನದು ವಿವರಣೆಯಲ್ಲಿ ಬರಲಿ ಎಂದುಕೊಂಡಿದ್ದೇನೆ.

‘ಕಾರ್ಪೊರೇಟ್ ಹಿಡಿತ’ವೂ ಇಲ್ಲಿ ಸರಿಯಾಗಿ ಕೂರುತ್ತಿಲ್ಲ. 1992ರ ಡಿಸೆಂಬರಿನಲ್ಲಿ ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿದಾಗ ಎದುರಿಗಿದ್ದದ್ದು ಬಹುರಾಷ್ಟ್ರೀಯ ಕಂಪನಿ, ಗೊಂದಲವಿರಲಿಲ್ಲ. ಇಫ್ಕೋ ಸಹಕಾರಿ ಸಂಸ್ಥೆ, ಕಾಗದದ ಮೇಲೆ ರೈತರದೇ. ತಂತ್ರಜ್ಞಾನದ ಪೇಟೆಂಟ್ ಮಾತ್ರ ರೈತನ ಕೈಯಲ್ಲಿಲ್ಲ. ಜವಾರಿ ಬೀಜಕ್ಕೆ ಎದುರಾಗಿ ‘ಕಂಪನಿ ಬೀಜ’ ಎನ್ನುವ ಹಾಗೆ ಹಳ್ಳಿಯವರು ಇದನ್ನೂ ಕಂಪನಿ ಮಾಲೇ ಎನ್ನುತ್ತಾರೆ. ‘ಕಂಪನಿ ಹಿಡಿತ’ ಎಂದರೆ ಸಾಕೇ, ಸಹಕಾರಿ ಸಂಸ್ಥೆಗೆ ಅನ್ಯಾಯವಾದೀತೇ?

ನಮ್ಮ ಕಡೆ ಈ ಬಾಟಲಿಗೆ ‘ಬಾಟ್ಲಿ ಯೂರಿಯಾ’ ಎನ್ನುವುದುಂಟು. ನಿಜ ಹೇಳಬೇಕೆಂದರೆ ಮೇಲಿನ ಎಲ್ಲ ಪದಗಳಿಗಿಂತ ನನಗೆ ಅದೇ ಮೇಲೆನಿಸಿದೆ. ಮಂಡ್ಯ, ಶಿವಮೊಗ್ಗ, ಕಲಬುರಗಿ ಕಡೆಯವರು ಏನನ್ನುತ್ತಾರೆ? ಅಡಿಕೆ ತೋಟದವರು ಬಳಸುತ್ತಿದ್ದರೆ ಯಾವ ಹೆಸರಲ್ಲಿ? ಕೇಳಿದ ಊರಿನ ಹೆಸರನ್ನೂ ಜೊತೆಗೆ ಬರೆದರೆ ನಮೂದಿನಲ್ಲಿ ಸೇರಿಸುತ್ತೇನೆ.