ರ‍್ಯಾಂಡಮ್ ವಾಕ್ ಯಾವಾಗ ನಿಲ್ಲುತ್ತೆ? ಮೇಡಂ ಅವರನ್ನು ಕೇಳಿ

ಸದಸ್ಯ 1: ಮೇಡಂ, ನಾಣ್ಯ ಎಸೆದು ಹೆಡ್ ಬಿದ್ದರೆ +1, ಟೇಲ್ ಬಿದ್ದರೆ −1 ಹೆಜ್ಜೆ; ಇದೇ ರ‍್ಯಾಂಡಮ್ ವಾಕ್. ಸೊನ್ನೆಯಿಂದ ಹೊರಟು +10 ಅಥವಾ −10 ಮುಟ್ಟಲು ಸರಾಸರಿ ಎಷ್ಟು ಹೆಜ್ಜೆ ಬೇಕು?

ಮೇಡಂ: 100. ಎರಡೂ ಕಡೆಯ ದೂರ ಗುಣಿಸಿ.

ಸದಸ್ಯ 2: +1 ಮುಟ್ಟಿದ ಕೂಡಲೇ ನಿಲ್ಲೋ ಹಾಗೆ ಸಿಮ್ಯುಲೇಷನ್ ಮಾಡಿದೆ. ಹೆಚ್ಚು ಸಲ ಓಡಿಸಿದಷ್ಟೂ ಸರಾಸರಿ ಏರ್ತಾನೇ ಇದೆ. ಕೋಡ್ ತಪ್ಪಾ?

ಮೇಡಂ: ಕೋಡ್ ಸರಿಯಾಗೇ ಇದೆ. +1 ಮುಟ್ಟೋದು ಖಚಿತ, ಆದರೆ ಸರಾಸರಿ ಕಾಲ ಅನಂತ. ಅದು ಸಾಂತವಾಗಿದ್ದರೆ (ಅನಂತವಲ್ಲದಿದ್ದರೆ) ವಾಲ್ಡ್ ಸಮೀಕರಣದ (ನಿಂತ ಜಾಗದ ಸರಾಸರಿ = ಹೆಜ್ಜೆಗಳ ಸರಾಸರಿ ಸಂಖ್ಯೆ × ಒಂದು ಹೆಜ್ಜೆಯ ಸರಾಸರಿ, ಇಲ್ಲಿ 0) ಪ್ರಕಾರ ನಿಂತ ಜಾಗದ ಸರಾಸರಿ 0 ಆಗಬೇಕಿತ್ತು. ನೀವು ನಿಂತಿರೋದು ಯಾವಾಗಲೂ 1ರಲ್ಲಿ. 1/2ಕ್ಕಿಂತ ಕಡಿಮೆ ಘಾತಕ್ಕೇರಿಸಿದ ಕಾಲದ ಸರಾಸರಿಗಳು, ಅಂದರೆ ಆ ಘಾತದ ಮೊಮೆಂಟ್‌ಗಳು ಮಾತ್ರ ಸಾಂತ.

ಸದಸ್ಯ 3: ಅನಂತ ಅಂದಮೇಲೆ ಮುಟ್ಟೋದೇ ಇಲ್ಲ ಅಂತ ತಾನೇ?

ಸದಸ್ಯ 4: ಅರ್ಧಕ್ಕರ್ಧ ಸಲ ಮೊದಲ ಹೆಜ್ಜೇಲೇ ಮುಗಿಯುತ್ತೆ. ಓದಿ ಮಾತಾಡಿ ಸ್ವಾಮಿ.

ಸದಸ್ಯ 3: ನಿಮ್ಮನ್ನ ಕೇಳಿದ್ನಾ?

ಸದಸ್ಯ 5: ಫಾರ್ವರ್ಡ್ ಬಂದಿದೆ: “1 ಗೆದ್ದ ತಕ್ಷಣ ಎದ್ದುಬಿಡಿ, ಸೋಲೇ ಇಲ್ಲ, ಗಣಿತವೇ ಸಾಕ್ಷಿ.” ನಿಜವೇ?

ಮೇಡಂ: ಈ ಫಾರ್ವರ್ಡ್ ಇಲ್ಲಿ ಬರ್ತಿರೋದು ಇದು ಮೂರನೇ ಸಲ. ಕೈಯಲ್ಲಿ 100 ಇಟ್ಟುಕೊಂಡು ಕೂತರೆ, 1 ಗೆಲ್ಲೋ ಮೊದಲೇ ಪೂರ್ತಿ ಬರಿದಾಗೋ ಸಂಭವ 1/101. ಆಗ ಹೋಗೋದು 100. ಲೆಕ್ಕ ಹಾಕಿ, ಸರಾಸರಿ ಲಾಭ ಸೊನ್ನೆ. ಮುಗಿಯದ ಗಂಟು ಇದ್ದವರಿಗೆ ಮಾತ್ರ ಆ ಸಾಕ್ಷಿ. ದಯವಿಟ್ಟು ಯಾರಿಗೂ ಕಳಿಸಬೇಡಿ.

ಸದಸ್ಯ 6: ಮುಟ್ಟಿದಾಗ ನಿಲ್ಲೋ ಗಡಿ, ಅಂದರೆ ಬೇಲಿಯೇ, ಅಗಲವಾಗ್ತಾ ಹೋದರೆ? ಹತ್ತು ಹೆಜ್ಜೆ ಆದಮೇಲೆ, ಸೊನ್ನೆಯಿಂದ ದೂರವು ಹೆಜ್ಜೆಗಳ ವರ್ಗಮೂಲದ ‘ಸಿ’ ಪಟ್ಟು ಮೀರಿದಾಗ ನಿಲ್ಲೋದು.

ಮೇಡಂ: ಇದಕ್ಕಾಗೇ ಕಾಯ್ತಿದ್ದೆ! ಸರಾಸರಿ ಕಾಲ ಸಾಂತ ಅಂತಿಟ್ಟುಕೊಳ್ಳಿ. ಆಗ ನಿಂತ ಜಾಗದ ವರ್ಗದ ಸರಾಸರಿಯೂ ಹೆಜ್ಜೆಗಳ ಸರಾಸರಿಯೂ ಒಂದೇ ಆಗಬೇಕು. ‘ಸಿ’ 1 ಅಥವಾ ಹೆಚ್ಚಿದ್ದರೆ, ನಿಂತಾಗಲೆಲ್ಲ ವರ್ಗ ಹೆಜ್ಜೆಗಳನ್ನು ಮೀರಿರುತ್ತೆ. ಎರಡೂ ಸಮ ಆಗೋಕೆ ಸಾಧ್ಯವೇ ಇಲ್ಲ, ಹಾಗಾಗಿ ಅನಂತ. 1ಕ್ಕಿಂತ ಕಡಿಮೆ ಇದ್ದರೆ? ಹತ್ತರ ನಂತರ ನಿಂತರೆ ಬೇಲಿ ದಾಟೋದು ಕೊನೇ ಹೆಜ್ಜೇಲಿ, ಅದೂ ಹೆಚ್ಚೆಂದರೆ 1; ಕಾಲ ಉದ್ದವಾದಷ್ಟೂ ವರ್ಗ ಹೆಜ್ಜೆಗಳಿಗಿಂತ ಹಿಂದೆ ಬೀಳುತ್ತೆ, ಆದರೆ ಸರಾಸರಿಗಳು ಸಮ ಇರಲೇಬೇಕು; ಹಾಗಾಗಿ ಸಾಂತ. ಬ್ಲ್ಯಾಕ್‌ವೆಲ್, ಫ್ರೀಡ್‌ಮನ್ ಎಂಬ ಗಣಿತಜ್ಞರು 1964ರಲ್ಲಿ ತೋರಿಸಿದ್ದು. 0.99ಕ್ಕೆ ಸಾಂತ, 1ಕ್ಕೆ ಅನಂತ. ನನಗೆ ಇವತ್ತಿಗೂ ಬೆರಗು.

ಸದಸ್ಯ 7: ಹೆಡ್ ಸಂಭವ 0.6 ಇದ್ದರೆ +1ಕ್ಕೆ ಎಷ್ಟು ಮೇಡಂ?

ಸದಸ್ಯ 3: ನಾನು ಕೇಳಿದ್ದಕ್ಕೆ ಮೇಡಂ ಉತ್ತರಿಸಲೇ ಇಲ್ಲ.

ಸದಸ್ಯ 4: ನಾನು ಉತ್ತರಿಸಿದೆನಲ್ಲ, ಅರ್ಥ ಆಗಲಿಲ್ವಾ?

ಸದಸ್ಯ 8: +10, −10ಕ್ಕೆ ಸರಾಸರಿ ಎಷ್ಟು? ವೇರಿಯನ್ಸ್ (ಸರಾಸರಿಯಿಂದ ಎಷ್ಟು ಚದುರಿದೆ ಅನ್ನೋ ಅಳತೆ) ಕೂಡ ಹೇಳಿ.

ಮೇಡಂ: 100. ಮೇಲೇ ಇದೆ. ವೇರಿಯನ್ಸ್ 6600.