ಮಹಾಯುದ್ಧಗಳ ಬಗ್ಗೆ ಹದಿಹರೆಯದವರ ಕೈಗೆ ಯಾವ ಪುಸ್ತಕಗಳನ್ನು ಕೊಡಬೇಕು?

ಪ್ರಶ್ನೆ: ಒಬ್ಬ ಅಧ್ಯಾಪಕಿ

ಎಲ್ಲರಿಗೂ ನಮಸ್ಕಾರ. ಹನ್ನೆರಡರಿಂದ ಹದಿನಾರು ವರ್ಷದ ಮಕ್ಕಳಿಗಾಗಿ ಎರಡು ಮಹಾಯುದ್ಧಗಳ ಕುರಿತ ಹತ್ತು ಪುಸ್ತಕಗಳನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಎರಡು ತಿಂಗಳಿಂದ ಮೂವತ್ತಕ್ಕೂ ಹೆಚ್ಚು ಪುಸ್ತಕಗಳನ್ನು ತಿರುವಿಹಾಕಿದ್ದೇನೆ. ತಿಳಿವಳಿಕೆಗಿಂತ ಗೊಂದಲವೇ ಹೆಚ್ಚಾಗಿದೆ.

ನಾನು ನೋಡಿದ ಪುಸ್ತಕಗಳು ಹೆಚ್ಚುಕಡಿಮೆ ಎರಡು ಬಗೆಯವು. ಮೊದಲ ಬಗೆಯವು 1914ರ ಸರಾಯೆವೊ ಹತ್ಯೆಯಿಂದ ಹೊರಟು, ಒಪ್ಪಂದಗಳು, ಕದನಗಳು, ಸೇನಾಪತಿಗಳು ಎಂದು ಸಾಗಿ 1945ರ ಶರಣಾಗತಿಯಲ್ಲಿ ನಿಲ್ಲುತ್ತವೆ. ಅವನ್ನು ಓದಿದ ಮಗುವಿಗೆ ತಾರೀಖುಗಳು ಬಾಯಿಗೆ ಬರುತ್ತವೆಯೇ ಹೊರತು ಆ ತಾರೀಖಿನಂದು ಯಾರ ಬದುಕು ಏನಾಯಿತೆಂಬುದು ತಿಳಿಯುವುದಿಲ್ಲ. ಇನ್ನೊಂದು ಬಗೆಯವು ಕಥೆಗಳು. ಓದುತ್ತ ಓದುತ್ತ ಗಂಟಲು ಕಟ್ಟುತ್ತದೆ. ಆದರೆ ಪುಸ್ತಕ ಮುಚ್ಚಿದ ಮೇಲೆ ಯುದ್ಧ ಏಕಾಯಿತೆಂದು ಕೇಳಿದರೆ, ಹಿಟ್ಲರ್ ಕೆಟ್ಟವನಾಗಿದ್ದ ಎಂಬಲ್ಲಿಗೆ ಉತ್ತರ ಮುಗಿಯುತ್ತದೆ. ಮೊದಲನೆಯ ಮಹಾಯುದ್ಧದ ವಿಷಯದಲ್ಲಂತೂ ಆ ಉತ್ತರವೂ ಇರುವುದಿಲ್ಲ.

ಕಾದಂಬರಿಯನ್ನು ಇತಿಹಾಸದ ಓದಿಗೆ ಎಷ್ಟರಮಟ್ಟಿಗೆ ನಂಬಬಹುದು? ಯಹೂದಿಗಳ ಹತ್ಯಾಕಾಂಡ, ಅಣುಬಾಂಬುಗಳಂಥ ಸಂಗತಿಗಳನ್ನು ಯಾವ ವಯಸ್ಸಿನಲ್ಲಿ, ಎಷ್ಟು ಬಿಚ್ಚಿ ಹೇಳಬೇಕು? ಅನುಭವವುಳ್ಳವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ: ನಿವೃತ್ತ ಇತಿಹಾಸ ಅಧ್ಯಾಪಕ

ಮೇಡಂ, ಪುಸ್ತಕದ ಹೆಸರುಗಳಿಗೆ ಹೋಗುವ ಮೊದಲು ನಾನು ಬಳಸುತ್ತಿದ್ದ ಒಂದು ಪರೀಕ್ಷೆಯನ್ನು ಹೇಳುತ್ತೇನೆ. ಯಾವುದೇ ಪುಸ್ತಕ ಕೈಗೆ ಬಂದರೂ ನಾನು ಮೊದಲು ತೆರೆಯುತ್ತಿದ್ದದ್ದು 1914ರ ಜುಲೈ ತಿಂಗಳ ಪುಟಗಳನ್ನು. ಆಸ್ಟ್ರಿಯಾ-ಹಂಗೇರಿಯ ಯುವರಾಜ ಆರ್ಚ್‌ಡ್ಯೂಕ್ ಫ್ರಾಂಟ್ಸ್ ಫರ್ಡಿನಾಂಡ್ ಸರಾಯೆವೊದಲ್ಲಿ ಹತನಾದದ್ದು ಜೂನ್ 28ರಂದು. ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಘೋಷಿಸಿದ್ದು ಆಗಸ್ಟ್ 4ರಂದು. ನಡುವೆ ಮೂವತ್ತೇಳು ದಿನಗಳಿದ್ದವು. ಅಷ್ಟು ದಿನ ವಿಯೆನ್ನಾ, ಬರ್ಲಿನ್, ಸೇಂಟ್ ಪೀಟರ್ಸ್‌ಬರ್ಗ್, ಪ್ಯಾರಿಸ್, ಲಂಡನ್‌ಗಳಲ್ಲಿ ಕುಳಿತಿದ್ದ ಬೆರಳೆಣಿಕೆಯ ಜನ ತಂತಿ ಕಳಿಸುತ್ತ, ಗಡುವು ಕೊಡುತ್ತ, ಸೇನೆಯನ್ನು ಸಜ್ಜುಗೊಳಿಸುವ ಆಜ್ಞೆಗಳಿಗೆ ಸಹಿ ಹಾಕುತ್ತ ಇದ್ದರು. ಸರ್ಬಿಯಾಕ್ಕೆ ಆಸ್ಟ್ರಿಯಾ-ಹಂಗೇರಿ ಜುಲೈ 23ರಂದು ಕೊಟ್ಟ ಗಡುವು ಕೇವಲ ನಲವತ್ತೆಂಟು ಗಂಟೆಗಳದ್ದು. ಈ ದಿನಗಳನ್ನು ಪುಸ್ತಕವು 'ಹತ್ಯೆಯಿಂದಾಗಿ ಯುದ್ಧ ಸ್ಫೋಟಿಸಿತು' ಎಂದು ಒಂದೇ ವಾಕ್ಯದಲ್ಲಿ ದಾಟಿಸಿಬಿಟ್ಟರೆ, ಯುದ್ಧವೆಂದರೆ ಮಳೆ ಗುಡುಗಿನ ಹಾಗೆ ತಾನಾಗಿ ಬರುವ ವಿಪತ್ತು ಎಂದು ಮಗು ತಿಳಿದುಕೊಳ್ಳುತ್ತದೆ. ಯಾರು ಯಾವ ದಿನ ಏನು ನಿರ್ಧರಿಸಿದರು, ಬೇರೆ ದಾರಿ ಅವರ ಮುಂದೆ ಇತ್ತೇ ಎಂದು ತೋರಿಸುವ ಪುಸ್ತಕ ಎಷ್ಟೇ ತೆಳ್ಳಗಿರಲಿ, ಅದನ್ನು ನಾನು ಇಟ್ಟುಕೊಳ್ಳುತ್ತಿದ್ದೆ.

ಎರಡನೆಯದಾಗಿ, ಕಣ್ಣಾರೆ ಕಂಡವರು ಬರೆದದ್ದು ಒಂದಾದರೂ ಇರಲಿ. ಆದರೆ ಅಂಥ ಬರಹ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದನ್ನೂ ಮಕ್ಕಳ ಜೊತೆ ಮಾತಾಡಬೇಕು. ಸೋವಿಯತ್ ಒಕ್ಕೂಟದ ಲೆನಿನ್‌ಗ್ರಾಡ್ ನಗರವನ್ನು ಜರ್ಮನ್ ಸೇನೆ 1941ರ ಸೆಪ್ಟೆಂಬರ್‌ನಿಂದ 1944ರ ಜನವರಿಯವರೆಗೆ ಸುತ್ತುಗಟ್ಟಿದಾಗ, ತಾನ್ಯಾ ಸವಿಚೇವಾ ಎಂಬ ಬಾಲಕಿ ಒಂದು ಪುಟ್ಟ ಪುಸ್ತಕದಲ್ಲಿ ಮನೆಯವರು ಒಬ್ಬೊಬ್ಬರಾಗಿ ತೀರಿಕೊಂಡ ದಿನ ಮತ್ತು ಗಂಟೆಯನ್ನು ಬರೆದಿಟ್ಟಳು. ಎಲ್ಲ ಸೇರಿ ಒಂಬತ್ತೇ ಪುಟ್ಟ ಪುಟಗಳು. ಕೊನೆಯಲ್ಲಿ, ಎಲ್ಲರೂ ಸತ್ತರು, ತಾನೊಬ್ಬಳೇ ಉಳಿದೆ ಎಂಬರ್ಥದ ಮಾತಿದೆ. ಆಕೆಯೂ 1944ರ ಜುಲೈನಲ್ಲಿ ತೀರಿಕೊಂಡಳು. ಆದರೆ ಅವಳ ಅಕ್ಕ ನೀನಾ ಮತ್ತು ಅಣ್ಣ ಮಿಖಾಯಿಲ್ ಬೇರೆಡೆ ಬದುಕಿದ್ದರು. ತಾನ್ಯಾಳಿಗೆ ಅದು ಗೊತ್ತಾಗುವ ದಾರಿಯೇ ಇರಲಿಲ್ಲ. ತರಗತಿಯಲ್ಲಿ ಈ ಸಂಗತಿ ಹೇಳಿದಾಗ ಒಬ್ಬ ಹುಡುಗ, ಹಾಗಾದರೆ ಅವಳು ಬರೆದದ್ದು ಸುಳ್ಳೇ ಎಂದು ಕೇಳಿದ. ಆ ಒಂದು ಪ್ರಶ್ನೆಯ ಮೇಲೆ ನಾವು ಎರಡು ಅವಧಿ ಚರ್ಚಿಸಿದೆವು. ನನ್ನ ವೃತ್ತಿಜೀವನದಲ್ಲಿ ಅಷ್ಟು ಫಲ ಕೊಟ್ಟ ಪಾಠ ಮತ್ತೊಂದಿಲ್ಲ.

ನಾಜಿಗಳಿಂದ ತಪ್ಪಿಸಿಕೊಂಡು ಅಡಗಿದ್ದ ಯಹೂದಿ ಬಾಲಕಿ ಆನ್ ಫ್ರಾಂಕ್ ದಿನಚರಿಯನ್ನು ನೀವು ಹೇಗೂ ಸೇರಿಸುತ್ತೀರಿ. ಸೇರಿಸಿ, ಆದರೆ ಒಂಟಿಯಾಗಿ ಕೊಡಬೇಡಿ. ಆ ದಿನಚರಿ 1944ರ ಆಗಸ್ಟ್ 1ಕ್ಕೆ ನಿಲ್ಲುತ್ತದೆ. ಬಂಧನವಾದದ್ದು ಆಗಸ್ಟ್ 4ರಂದು. ಅಡಗುತಾಣದ ಬದುಕನ್ನು ಅದು ಬಲು ಚೆನ್ನಾಗಿ ಹೇಳುತ್ತದೆ. ಆನಂತರ ಆಕೆ ಕಂಡ ಔಶ್ವಿಟ್ಸ್ ಮತ್ತು ಪ್ರಾಣ ಬಿಟ್ಟ ಬೆರ್ಗೆನ್-ಬೆಲ್ಸೆನ್ ಯಾತನಾ ಶಿಬಿರಗಳು ಅದರಲ್ಲಿ ಇರಲು ಸಾಧ್ಯವೇ ಇಲ್ಲ. ಅದನ್ನಷ್ಟೇ ಓದಿದ ಮಗುವಿಗೆ ಯಹೂದಿಗಳ ಹತ್ಯಾಕಾಂಡವೆಂದರೆ ಅಟ್ಟದ ಮೇಲೆ ಬಚ್ಚಿಟ್ಟುಕೊಂಡಿರುವುದು ಎಂಬ ಚಿತ್ರ ಉಳಿಯುತ್ತದೆ.

ಉತ್ತರ: ಗ್ರಂಥಪಾಲಕಿ

ಮೇಲಿನ ಸರ್ ಹೇಳಿದ್ದಕ್ಕೆ ನನ್ನ ಕಸುಬಿನ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ. ಮುಖಪುಟಕ್ಕಿಂತ ಮೊದಲು ಅದರ ಹಿಂದಿನ ಪುಟವನ್ನು, ಅಂದರೆ ಮೊದಲ ಮುದ್ರಣದ ವರ್ಷವನ್ನು ನೋಡಿ. ಇದು ಬರೀ ಹಳತು ಹೊಸತರ ಪ್ರಶ್ನೆಯಲ್ಲ. ಬ್ರಿಟನ್ನಿನ ಬ್ಲೆಚ್ಲಿ ಪಾರ್ಕ್‌ನಲ್ಲಿ ಜರ್ಮನ್ನರ ರಹಸ್ಯ ಸಂಕೇತಗಳನ್ನು ಭೇದಿಸುತ್ತಿದ್ದ ಕೆಲಸ 1974ರವರೆಗೆ ಸಾರ್ವಜನಿಕರಿಗೆ ತಿಳಿದಿರಲಿಲ್ಲ. ಹೀಗಾಗಿ ಅದಕ್ಕೂ ಮೊದಲು ಬರೆದ ಪುಸ್ತಕಗಳಲ್ಲಿ ಅಟ್ಲಾಂಟಿಕ್ ಸಮುದ್ರದ ಜಲಾಂತರ್ಗಾಮಿ ಯುದ್ಧದ ಕಥೆಯಲ್ಲಿ ಒಂದು ಮುಖ್ಯ ಕೊಂಡಿಯೇ ಇಲ್ಲ. ರಷ್ಯಾದ ಕಾತಿನ್ ಮತ್ತಿತರ ಕಡೆ 1940ರಲ್ಲಿ ಸುಮಾರು 22,000 ಪೋಲಿಷ್ ಅಧಿಕಾರಿಗಳನ್ನೂ ಇತರರನ್ನೂ ಕೊಂದದ್ದು ತಮ್ಮ ರಹಸ್ಯ ಪೊಲೀಸರೇ ಎಂದು ಸೋವಿಯತ್ ಒಕ್ಕೂಟ ಒಪ್ಪಿಕೊಂಡದ್ದು 1990ರಲ್ಲಿ. ಅದುವರೆಗೆ ಅದು ಜರ್ಮನ್ನರ ಕಡೆ ಬೆರಳು ತೋರಿಸುತ್ತಿತ್ತು. ಆ ಕಾಲದ ಸೋವಿಯತ್ ಪ್ರಕಟಣೆಗಳ ಅನುವಾದಗಳು ಅಗ್ಗದ ಬೆಲೆಗೆ ಎಲ್ಲೆಡೆ ತಲುಪಿದ್ದರಿಂದ ಇಂದಿಗೂ ಅನೇಕ ಕಪಾಟುಗಳಲ್ಲಿವೆ. ಅವುಗಳನ್ನು ಎಸೆಯಬೇಕಿಲ್ಲ, ಆದರೆ ಯಾವಾಗ ಯಾರು ಬರೆದದ್ದೆಂದು ಹೇಳದೆ ಮಕ್ಕಳಿಗೆ ಕೊಡಬಾರದು.

ಆಮೇಲೆ ಪುಸ್ತಕದ ಕೊನೆಯ ಪದಸೂಚಿಗೆ ಹೋಗಿ, ಚೀನಾ ಎಂಬ ಪದವನ್ನು ಹುಡುಕಿ. ಜಪಾನ್ ಮತ್ತು ಚೀನಾದ ನಡುವೆ ಪೂರ್ಣ ಪ್ರಮಾಣದ ಯುದ್ಧ 1937ರ ಜುಲೈನಲ್ಲೇ ಆರಂಭವಾಯಿತು. ಎರಡನೆಯ ಮಹಾಯುದ್ಧದಲ್ಲಿ ಅತಿ ಹೆಚ್ಚು ಜನ ಸತ್ತ ದೇಶಗಳ ಸಾಲಿನಲ್ಲಿ ಸೋವಿಯತ್ ಒಕ್ಕೂಟದ ಜೊತೆಗೆ ನಿಲ್ಲುವುದು ಚೀನಾ. ಇಷ್ಟಿದ್ದೂ ಅದರ ಹೆಸರು ಒಂದೆರಡು ಪುಟಗಳಲ್ಲಷ್ಟೇ ಬಂದರೆ, ಕೈಯಲ್ಲಿರುವುದು ಯೂರೋಪಿನ ಯುದ್ಧದ ಪುಸ್ತಕ, ವಿಶ್ವಯುದ್ಧದ್ದಲ್ಲ. ಮೊದಲ ಯುದ್ಧಕ್ಕೂ ಇದೇ ಮಾತು. ಫ್ರಾನ್ಸಿನ ಕಂದಕಗಳ ಹಿಂದೆ ರಸ್ತೆ ಮಾಡಿ ಸಾಮಾನು ಹೊತ್ತ ಸುಮಾರು 1,40,000 ಚೀನೀ ಕಾರ್ಮಿಕರು, ಬ್ರಿಟಿಷ್ ಭಾರತದಿಂದ ಯುದ್ಧದ ಸೇವೆಗೆ ಸೇರಿದ 13 ಲಕ್ಷದಷ್ಟು ಸೈನಿಕರು ಮತ್ತು ಕೂಲಿಗಳು, ಫ್ರೆಂಚ್ ಸೇನೆಯ ಪಶ್ಚಿಮ ಆಫ್ರಿಕಾದ ಪಡೆಗಳು, ಇವರು ಪುಸ್ತಕದಲ್ಲಿ ಎಷ್ಟು ಕಾಣುತ್ತಾರೆ ಎಂದು ನೋಡಿ. ಫ್ರಾನ್ಸಿನಲ್ಲಿದ್ದ ಭಾರತೀಯ ಸಿಪಾಯಿಗಳ ಪತ್ರಗಳನ್ನು ಸೆನ್ಸಾರ್ ಅಧಿಕಾರಿಗಳು ಓದಿ, ಇಂಗ್ಲಿಷಿಗೆ ಅನುವಾದಿಸಿ, ವರದಿಗಳಲ್ಲಿ ಸೇರಿಸುತ್ತಿದ್ದರು. ನಮಗೆ ಅವರ ದನಿ ಉಳಿದುಬಂದದ್ದು ಬಹುಮಟ್ಟಿಗೆ ಹೀಗೆ. ತನ್ನ ಪತ್ರವನ್ನು ಇನ್ನೊಬ್ಬ ಓದುತ್ತಾನೆಂದು ಗೊತ್ತಿದ್ದವನು ಏನು ಬರೆಯುತ್ತಾನೆ, ಏನು ಬರೆಯದೆ ಬಿಡುತ್ತಾನೆ ಎಂಬ ಪ್ರಶ್ನೆ ಹದಿನಾಲ್ಕರ ಮಕ್ಕಳಿಗೆ ಚೆನ್ನಾಗಿ ನಾಟುತ್ತದೆ.

ಅನುವಾದಗಳಲ್ಲಿ 'ಸಂಕ್ಷಿಪ್ತ' ಎಂದಿದೆಯೇ ಎಂಬುದನ್ನೂ ಗಮನಿಸಿ.

ಉತ್ತರ: ಒಬ್ಬ ಓದುಗ

ನೀವಿಬ್ಬರೂ ಹೇಳುವುದು ಸರಿಯೇ ಇರಬಹುದು, ಆದರೆ ಪದಸೂಚಿ ನೋಡಿ ಆರಿಸಿದ ಪುಸ್ತಕವನ್ನು ಯಾವ ಹದಿಮೂರರ ಹುಡುಗ ತಾನಾಗಿ ತೆರೆಯುತ್ತಾನೆ? ನನ್ನನ್ನು ಈ ವಿಷಯಕ್ಕೆ ಎಳೆದು ತಂದದ್ದು ಕಾದಂಬರಿಯೇ. ಎರಿಕ್ ಮಾರಿಯಾ ರಿಮಾರ್ಕ್ ಬರೆದ 'ಆಲ್ ಕ್ವಯಟ್ ಆನ್ ದ ವೆಸ್ಟರ್ನ್ ಫ್ರಂಟ್' ಅನ್ನು ಹದಿನೈದನೆಯ ವಯಸ್ಸಿನಲ್ಲಿ ಓದಿದೆ. ಮೇಷ್ಟರ ಭಾಷಣಕ್ಕೆ ಮರುಳಾಗಿ ಸೇನೆ ಸೇರಿದ ತರಗತಿಯ ಹುಡುಗರು ಕಂದಕದಲ್ಲಿ ಏನಾಗಿ ಹೋಗುತ್ತಾರೆಂಬುದನ್ನು ಯಾವ ಪಠ್ಯಪುಸ್ತಕವೂ ನನಗೆ ಹಾಗೆ ಹೇಳಿರಲಿಲ್ಲ. ಲೇಖಕರು 1917ರಲ್ಲಿ ಆ ರಣರಂಗದಲ್ಲಿ ಗಾಯಗೊಂಡವರು. ಪುಸ್ತಕ ರೂಪದಲ್ಲಿ ಅದು ಬಂದದ್ದು 1929ರಲ್ಲಿ. 1933ರಲ್ಲಿ ನಾಜಿಗಳು ಬೆಂಕಿಗೆ ಹಾಕಿದ ಪುಸ್ತಕಗಳಲ್ಲಿ ಅದೂ ಸೇರಿತ್ತು. ಒಂದು ಯುದ್ಧದ ಬಗ್ಗೆ ಬರೆದ ಕಾದಂಬರಿಯನ್ನು ಇನ್ನೊಂದು ಯುದ್ಧಕ್ಕೆ ಅಣಿಯಾಗುತ್ತಿದ್ದವರು ಏಕೆ ಸುಟ್ಟರು ಎಂದು ಕೇಳಿ ನೋಡಿ, ಎರಡೂ ಯುದ್ಧಗಳ ನಡುವಿನ ಇಪ್ಪತ್ತು ವರ್ಷಗಳು ಮಕ್ಕಳ ಮುಂದೆ ತೆರೆದುಕೊಳ್ಳುತ್ತವೆ. ಮೊದಲು ಕಥೆ, ಆಮೇಲೆ ಕಾರಣ ಎಂಬ ಕ್ರಮ ನನಗೆ ಸರಿಯೆನಿಸುತ್ತದೆ.

ಉತ್ತರ: ನಿವೃತ್ತ ಇತಿಹಾಸ ಅಧ್ಯಾಪಕ

ರಿಮಾರ್ಕ್ ವಿಷಯದಲ್ಲಿ ನನ್ನ ತಕರಾರಿಲ್ಲ. ಬಲ್ಲವರು ಬರೆದ ಕಾದಂಬರಿ ಅದು. ನನ್ನ ಅನುಮಾನ ಬೇರೆ ಜಾತಿಯ ಕಾದಂಬರಿಗಳ ಮೇಲೆ. 2006ರಲ್ಲಿ ಬಂದ 'ದ ಬಾಯ್ ಇನ್ ದ ಸ್ಟ್ರೈಪ್ಡ್ ಪಜಾಮಾಸ್' ಬಹಳ ಕಡೆ ಹತ್ಯಾಕಾಂಡದ ಮೊದಲ ಓದಾಗಿ ಕೊಡಲ್ಪಡುತ್ತದೆ. ಯಾತನಾ ಶಿಬಿರದ ಅಧಿಕಾರಿಯ ಒಂಬತ್ತು ವರ್ಷದ ಮಗ ಬೇಲಿಯಾಚೆಯ ಯಹೂದಿ ಹುಡುಗನೊಡನೆ ಗೆಳೆತನ ಬೆಳೆಸುವ ಕಥೆ ಅದು. ಔಶ್ವಿಟ್ಸ್‌ಗೆ ತಂದ ಆ ವಯಸ್ಸಿನ ಯಹೂದಿ ಮಕ್ಕಳಲ್ಲಿ ಬಹುಪಾಲನ್ನು ಬಂದ ದಿನವೇ ಅನಿಲಕೋಣೆಗೆ ಕಳಿಸುತ್ತಿದ್ದರು. ಇತ್ತ, ನಾಜಿ ಜರ್ಮನಿಯ ಶಾಲೆಯಲ್ಲಿ ಕಲಿತ ಅಧಿಕಾರಿಯ ಮಗನಿಗೆ ಯಹೂದಿಗಳೆಂದರೆ ಯಾರೆಂದೇ ಗೊತ್ತಿರಲಿಲ್ಲ ಎಂಬುದೂ ನಂಬುವ ಮಾತಲ್ಲ. ದ್ವೇಷ ಅಲ್ಲಿ ಪಠ್ಯದಲ್ಲೇ ಇತ್ತು. ಹತ್ಯಾಕಾಂಡವನ್ನು ಕಲಿಯುವವರೂ ಕಲಿಸುವವರೂ ಈ ಪುಸ್ತಕವನ್ನು ದೂರವಿಡುವುದು ಒಳ್ಳೆಯದೆಂದು ಔಶ್ವಿಟ್ಸ್ ಸಂಗ್ರಹಾಲಯವೇ 2020ರಲ್ಲಿ ಹೇಳಿತು. ಇದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು: ಅಧಿಕಾರಿಯ ಮಗ ಸಾಯುವ ಕೊನೆಯಲ್ಲಿ ಓದುಗರ ಕಣ್ಣೀರು ಹರಿಯುವುದು ಬಹುಮಟ್ಟಿಗೆ ಅಧಿಕಾರಿಯ ಮನೆಯವರ ದುಃಖಕ್ಕೆ.

ಮರುಪ್ರಶ್ನೆ: ಅಧ್ಯಾಪಕಿ

ನಿಮ್ಮೆಲ್ಲರ ಉತ್ತರಗಳಿಂದ ಬಹಳ ಉಪಕಾರವಾಯಿತು. ಒಪ್ಪಿಕೊಳ್ಳಬೇಕು, ಆ ಕಾದಂಬರಿ ನನ್ನ ಪಟ್ಟಿಯ ಮೊದಲ ಸಾಲಿನಲ್ಲಿತ್ತು, ತೆಗೆದುಹಾಕಿದ್ದೇನೆ. ವಯಸ್ಸಿನ ಪ್ರಶ್ನೆ ಮಾತ್ರ ಉಳಿದುಹೋಯಿತು. ಹಿರೋಷಿಮಾದ ಬಗ್ಗೆ ಒಂದು ಚಿತ್ರಕಾದಂಬರಿಯನ್ನು ತೆರೆದು, ಚರ್ಮ ಜೋತುಬಿದ್ದ ಜನರ ಚಿತ್ರಗಳನ್ನು ಕಂಡು ಮುಚ್ಚಿಟ್ಟೆ. ಹನ್ನೆರಡರ ಮಗುವಿಗೆ ಇದನ್ನು ತೋರಿಸಬಹುದೇ?

ಉತ್ತರ: ಗ್ರಂಥಪಾಲಕಿ

ನೀವು ನೋಡಿದ್ದು ಬಹುಶಃ ಕೇಜಿ ನಕಝಾವಾ ಅವರ 'ಬೇರ್‌ಫೂಟ್ ಗೆನ್'. 1945ರ ಆಗಸ್ಟ್ 6ರಂದು ಬಾಂಬು ಬಿದ್ದಾಗ ನಕಝಾವಾ ಅವರಿಗೆ ಆರು ವರ್ಷ. ತಂದೆ, ಅಕ್ಕ, ತಮ್ಮ ಅಂದೇ ಸತ್ತರು. 1973ರಿಂದ ಧಾರಾವಾಹಿಯಾಗಿ ಬಂದ ಆ ಕೃತಿ ಬಾಂಬನ್ನಷ್ಟೇ ಅಲ್ಲ, ಯುದ್ಧವನ್ನು ವಿರೋಧಿಸಿದವರನ್ನು ಜಪಾನಿನ ಸಮಾಜ ಹೇಗೆ ನಡೆಸಿಕೊಂಡಿತು, ಕೊರಿಯನ್ನರನ್ನು ಹೇಗೆ ಕೀಳಾಗಿ ಕಂಡಿತು ಎಂಬುದನ್ನೂ ಹೇಳುತ್ತದೆ. ಜಪಾನಿನಲ್ಲೇ ಈ ಪ್ರಶ್ನೆ ಎದ್ದಿತ್ತು: ಮಾತ್ಸುಎ ನಗರದ ಶಾಲಾ ಗ್ರಂಥಾಲಯಗಳಲ್ಲಿ ಅದನ್ನು ತೆರೆದ ಕಪಾಟಿನಿಂದ ತೆಗೆಸಿದ್ದರು, ವಿರೋಧ ಬಂದ ಮೇಲೆ 2013ರಲ್ಲಿ ಆ ನಿರ್ಬಂಧ ಹಿಂದೆಗೆದರು.

ನನ್ನ ಅಭಿಪ್ರಾಯದಲ್ಲಿ ಹನ್ನೆರಡಕ್ಕೆ ಬೇಡ, ಹದಿನಾಲ್ಕಕ್ಕೆ ಇರಲಿ, ಅದೂ ಜೊತೆಯಲ್ಲಿ ಕುಳಿತು ಮಾತಾಡುವವರು ಇದ್ದರೆ. ಚಿಕ್ಕವರಿಗೆ ಸಾಮಾನ್ಯವಾಗಿ, ಸಾವಿರ ಕಾಗದದ ಕೊಕ್ಕರೆ ಮಡಿಸಿದರೆ ಬೇಡಿಕೆ ಈಡೇರುತ್ತದೆಂಬ ನಂಬಿಕೆಯಿಂದ ಅವನ್ನು ಮಡಿಸಿದ ಸದಾಕೊ ಸಸಾಕಿಯ ಕಥೆ ಕೊಡುತ್ತಾರೆ. ಬಾಂಬು ಬಿದ್ದಾಗ ಎರಡು ವರ್ಷದವಳಾಗಿದ್ದ ಸದಾಕೊ 1955ರ ಅಕ್ಟೋಬರ್ 25ರಂದು ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡಳು. ಇಂಗ್ಲಿಷಿನಲ್ಲಿ ಹೆಸರಾದ ಮಕ್ಕಳ ಪುಸ್ತಕದಲ್ಲಿ ಅವಳು 644 ಕೊಕ್ಕರೆಗಳನ್ನು ಮಡಿಸುವಷ್ಟರಲ್ಲಿ ಸತ್ತಳು, ಉಳಿದವನ್ನು ಸಹಪಾಠಿಗಳು ಪೂರೈಸಿದರು ಎಂದಿದೆ. ಅವಳ ಅಣ್ಣನ ಪ್ರಕಾರವೂ ಹಿರೋಷಿಮಾ ಸಂಗ್ರಹಾಲಯದ ಪ್ರಕಾರವೂ ಅವಳು ಸಾವಿರವನ್ನು ದಾಟಿದ್ದಳು. ಅಂದರೆ ಹರಕೆ ಮುಗಿಸಿಯೂ ಹುಡುಗಿ ಬದುಕಲಿಲ್ಲ. ಎರಡೂ ರೂಪಗಳನ್ನು ಮಕ್ಕಳ ಮುಂದಿಟ್ಟು, ಲೇಖಕಿ ಸಂಖ್ಯೆಯನ್ನು ಏಕೆ ಬದಲಿಸಿರಬಹುದೆಂದು ಕೇಳಿದರೆ, ಮೇಲೆ ಸರ್ ಹೇಳಿದ ತಾನ್ಯಾಳ ಪಾಠವನ್ನೇ ಹನ್ನೆರಡರ ಮಕ್ಕಳಿಗೂ ಮಾಡಬಹುದು. ಯಾವ ಭೀಕರ ಚಿತ್ರವೂ ಬೇಕಾಗುವುದಿಲ್ಲ.

ಹತ್ಯಾಕಾಂಡದ ಬಗ್ಗೆ ವಾಷಿಂಗ್ಟನ್‌ನ ಸ್ಮಾರಕ ಸಂಗ್ರಹಾಲಯ ಆರನೆಯ ತರಗತಿಯಿಂದ ಮೇಲಕ್ಕೆ ಎನ್ನುತ್ತದೆ. ನಿಮ್ಮ ಮಕ್ಕಳು ಆ ಅಂಚಿನಲ್ಲೇ ಇದ್ದಾರೆ. ಆದ್ದರಿಂದ ಹತ್ತು ಪುಸ್ತಕಗಳನ್ನು ಒಂದೇ ಕಪಾಟಿನಲ್ಲಿ ಇಡುವ ಬದಲು ನಾಲ್ಕನ್ನು ಎಲ್ಲರಿಗೂ, ಆರನ್ನು ದೊಡ್ಡವರಿಗೆ ಎಂದು ಬೇರೆ ಮಾಡಿ. ಸಾಧ್ಯವಾದರೆ ಆ ಹತ್ತರಲ್ಲಿ ಒಂದು ಭೂಪಟಗಳ ಪುಸ್ತಕವಾಗಿರಲಿ. 1914ರ ಯೂರೋಪನ್ನೂ ಮೊದಲ ಯುದ್ಧ ಮುಗಿದ ಮೇಲಿನ ವರ್ಸೇಲ್ಸ್ ಮತ್ತು ಅದರ ಬೆನ್ನಿಗೆ ಬಂದ ಒಪ್ಪಂದಗಳ ನಂತರದ ಯೂರೋಪನ್ನೂ ಎದುರುಬದುರು ಪುಟಗಳಲ್ಲಿ ಅಚ್ಚು ಹಾಕಿದಂಥದ್ದನ್ನೇ ಹುಡುಕಿ. ಪುಟ ತಿರುವಿ ತಿರುವಿ ಹೋಲಿಸುವ ತಾಳ್ಮೆ ಆ ವಯಸ್ಸಿನವರಿಗೆ ಇರುವುದಿಲ್ಲ.