ಬ್ಯಾಂಡ್ ಸಾ ಯಂತ್ರಕ್ಕೆ ಗಾರ್ಡ್ ಮಾಡಿಸಬೇಕಿದೆ, ಅನುಭವ ಇದ್ದವರು ತಿಳಿಸಿ

ಅರಸೀಕೆರೆ, ಪೀಠೋಪಕರಣ ಕೆಲಸ:
ಎಲ್ಲರಿಗೂ ನಮಸ್ಕಾರ. ಬಾಗಿಲು, ಕಿಟಕಿ, ಮಂಚ ಮಾಡುವ ಸಣ್ಣ ವರ್ಕ್‌ಶಾಪ್ ನಡೆಸುತ್ತಿದ್ದೇನೆ. ಹಳೆಯದೊಂದು 24 ಇಂಚಿನ ಬ್ಯಾಂಡ್ ಸಾ (ಎರಡು ಚಕ್ರಗಳ ಮೇಲೆ ಪಟ್ಟಿಯಂತೆ ಸುತ್ತುವ ಗರಗಸ) ಕೊಂಡಿದ್ದೇನೆ. ಎರಕದ ಕಬ್ಬಿಣದ ಗಟ್ಟಿ ಯಂತ್ರ. ಆದರೆ ಮೇಲಿನ ಚಕ್ರಕ್ಕೆ ಕವರ್ ಇಲ್ಲ, ಕೆಳಗಿನ ಚಕ್ರಕ್ಕೆ ಮುಂದುಗಡೆ ಒಂದು ತಗಡು ಮಾತ್ರ ಇದೆ. ಕೆಲಸಕ್ಕಿರುವ ಇಬ್ಬರಲ್ಲಿ ಒಬ್ಬ ಹೊಸಬ. ಮಾರಿದವರು ‘ಗಾರ್ಡ್ ಇದ್ದರೆ ಬ್ಲೇಡು ಬದಲಿಸುವುದು ಕಷ್ಟ, ಯಾರೂ ಇಟ್ಟುಕೊಳ್ಳುವುದಿಲ್ಲ’ ಎಂದರು. ನನಗೆ ಮನಸ್ಸು ಒಪ್ಪಲಿಲ್ಲ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿಕೊಳ್ಳಬಹುದೇ? ಎಲ್ಲೆಲ್ಲಿ ಮುಚ್ಚಬೇಕು, ಯಾವ ತಗಡು ಬೇಕು?

ಹುಬ್ಬಳ್ಳಿ, ಮರಗೆಲಸ ಬೋಧಕ:
ಧಾರಾಳವಾಗಿ ಮಾಡಿಸಬಹುದು. ಮನಸ್ಸು ಒಪ್ಪದ್ದು ಒಳ್ಳೆಯದೇ ಆಯಿತು. ಮೊದಲು ಯಂತ್ರದ ವೈರು ಕಳಚಿ, ಬ್ಲೇಡು ಓಡುವ ದಾರಿಯನ್ನು ಕಣ್ಣಿನಿಂದ ಒಂದು ಸುತ್ತು ಹಿಂಬಾಲಿಸಿ. ಮೇಲಿನ ಚಕ್ರ, ಅಲ್ಲಿಂದ ಗೈಡಿನವರೆಗೆ (ಬ್ಲೇಡು ಅಲುಗದಂತೆ ಹಿಡಿಯುವ, ಏರಿಸಿ ಇಳಿಸಬಹುದಾದ ಹಿಡಿ) ಇಳಿಯುವ ಭಾಗ, ಗೈಡಿನಿಂದ ಮೇಜಿನವರೆಗೆ ಮರ ಕೊಯ್ಯುವ ಭಾಗ, ಮೇಜಿನ ಅಡಿಯಿಂದ ಕೆಳಗಿನ ಚಕ್ರದವರೆಗಿನ ಗೇಣುದ್ದ, ಕೆಳಗಿನ ಚಕ್ರ, ಮತ್ತೆ ಕಂಬದ ಪಕ್ಕದಲ್ಲಿ ಮೇಲೇರುವ ಭಾಗ. ಇಷ್ಟರಲ್ಲಿ ತೆರೆದಿರಬೇಕಾದದ್ದು ಮರ ಕೊಯ್ಯುವ ಭಾಗ ಒಂದೇ. ಉಳಿದದ್ದೆಲ್ಲ ಒಳಗಿರಬೇಕು.

ಎರಡು ಚಕ್ರ ಮುಚ್ಚಿದರೆ ಕೆಲಸ ಮುಗಿಯಿತು ಎಂದು ಬಹಳ ಜನ ತಿಳಿಯುತ್ತಾರೆ. ಮೇಜಿನ ಅಡಿಯ ಗೇಣುದ್ದ ಹಾಗೇ ಉಳಿದುಬಿಡುತ್ತದೆ. ಹುಡಿ ತುಂಬಿದಾಗ ಬಗ್ಗಿ ಕೈ ಹಾಕಿ ಬಾಚುವುದು ಅಲ್ಲಿಗೇ. ಕಸ ಗುಡಿಸುವವರಿಗಂತೂ ಅಲ್ಲಿ ಬ್ಲೇಡು ಓಡುತ್ತಿದೆ ಎಂಬುದೇ ಗೊತ್ತಿರುವುದಿಲ್ಲ. ನಿಮ್ಮದು 24 ಇಂಚಿನ ಚಕ್ರ. ಅದು ನಿಮಿಷಕ್ಕೆ 700 ಸುತ್ತು ತಿರುಗಿದರೆ ಬ್ಲೇಡು ಸೆಕೆಂಡಿಗೆ ಸುಮಾರು 22 ಮೀಟರ್ ಓಡುತ್ತದೆ. ಅಷ್ಟು ವೇಗದಲ್ಲಿ ಹಲ್ಲುಗಳು ಕಣ್ಣಿಗೆ ಕಾಣುವುದೇ ಇಲ್ಲ, ನಿಂತ ಪಟ್ಟಿಯಂತೆ ತೋರುತ್ತದೆ. ಹೊಸ ಹುಡುಗನಿಗೆ ಇದನ್ನು ಮೊದಲ ದಿನವೇ ಹೇಳಿ.

ಇನ್ನು ಗೈಡಿನ ಮೇಲಿನ ಗಾರ್ಡ್. ನನ್ನ ಪ್ರಕಾರ ಬೆರಳು ಉಳಿಸುವುದರಲ್ಲಿ ಇದರ ಪಾಲೇ ದೊಡ್ಡದು. ಗೈಡ್ ಹಿಡಿದಿರುವ ಸರಳಿಗೇ ಕೋನಾಕಾರದಲ್ಲಿ ಮಡಿಸಿದ ತಗಡೊಂದನ್ನು ಜೋಡಿಸಿ, ಬ್ಲೇಡಿನ ಮುಂಭಾಗ ಮತ್ತು ಹೊರಪಕ್ಕ ಎರಡೂ ಮುಚ್ಚುವಂತೆ. ಗೈಡ್ ಇಳಿದರೆ ಅದೂ ಇಳಿಯಬೇಕು, ಏರಿದರೆ ಅದೂ ಏರಬೇಕು. ಉದ್ದ ಎಷ್ಟಿರಬೇಕೆಂದರೆ, ಗೈಡನ್ನು ಪೂರ್ತಿ ಕೆಳಗಿಳಿಸಿದಾಗಲೂ ಅದರ ಮೇಲ್ತುದಿ ಚಕ್ರದ ಕವರಿನೊಳಗೇ ಉಳಿಯಬೇಕು. ಇಲ್ಲದಿದ್ದರೆ ನಡುವೆ ಬ್ಲೇಡು ಇಣುಕುತ್ತದೆ.

ಗಾರ್ಡ್ ಎಷ್ಟೇ ಚೆನ್ನಾಗಿದ್ದರೂ ಗೈಡ್ ಇಳಿಸದಿದ್ದರೆ ವ್ಯರ್ಥ. ಒಂದು ಇಂಚಿನ ಹಲಗೆ ಕೊಯ್ಯುವಾಗ ಗೈಡ್ ಎಂಟು ಇಂಚು ಎತ್ತರದಲ್ಲಿದ್ದರೆ ಏಳು ಇಂಚು ಬರಿಯ ಬ್ಲೇಡು ಕೈಗೆ ಎದುರಾಗಿ ಓಡುತ್ತಿರುತ್ತದೆ. ಮರದ ಮೇಲ್ಮೈಯಿಂದ ಕಾಲು ಇಂಚಿಗೆ ಇಳಿಸಿ. ಹಾಗೆ ಇಳಿಸಿದರೆ ಬ್ಲೇಡು ಬಳುಕುವುದು ಕಡಿಮೆಯಾಗಿ ಕೊಯ್ತ ನೇರ ಬರುತ್ತದೆ. ಹುಡುಗರಿಗೆ ಸುರಕ್ಷತೆಯ ಮಾತು ಹಿಡಿಸದಿದ್ದರೂ ನೇರ ಕೊಯ್ತದ ಮಾತು ಹಿಡಿಸುತ್ತದೆ. ನಾನು ತರಗತಿಯಲ್ಲಿ ಹೇಳುವುದೇ ಹಾಗೆ.

ಸಾಗರ, ಸಾಮಿಲ್:
ಮೇಷ್ಟ್ರು ಹೇಳಿದ್ದು ಸರಿ. ಮಾರಿದವರ ಮಾತಿನಲ್ಲೂ ಅರ್ಧ ನಿಜವಿದೆ, ಅದನ್ನು ತಳ್ಳಿಹಾಕಬೇಡಿ. ನಮ್ಮಲ್ಲಿ ದಿಮ್ಮಿ ಕೊಯ್ಯುವ ದೊಡ್ಡ ಯಂತ್ರದ ಬ್ಲೇಡನ್ನು ಸಾಣೆ ಹಿಡಿಯಲು ಆಗಾಗ ಇಳಿಸುತ್ತಲೇ ಇರಬೇಕು. ಕವರಿಗೆ ಎಂಟು ಬೋಲ್ಟ್ ಹಾಕಿಟ್ಟರೆ ಏನಾಗುತ್ತದೆ? ಮೊದಲ ವಾರ ಎಂಟೂ ಇರುತ್ತವೆ, ಆಮೇಲೆ ನಾಲ್ಕು, ಆಮೇಲೆ ಎರಡು. ಕೊನೆಗೆ ಕವರ್ ಗೋಡೆಗೆ ಒರಗಿ ನಿಂತು ಅದರ ಮೇಲೆ ಟವೆಲ್ ಒಣಗುತ್ತಿರುತ್ತದೆ. ಅಂಥ ಸಾಮಿಲ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ತಪ್ಪು ಕೆಲಸಗಾರನದು ಎಂದು ಎಲ್ಲರೂ ಬೈಯುತ್ತಾರೆ. ನಾನು ಹೇಳುವುದು, ಬಿಚ್ಚಲು ಕಷ್ಟವಾಗುವಂತೆ ಕವರ್ ಮಾಡಿದವನದೂ ತಪ್ಪೇ. ಬಾಗಿಲಿನಂತೆ ಕೀಲು ಹಾಕಿಸಿ. ಕೈಯಿಂದಲೇ ತಿರುಗಿಸುವ ಒಂದು ನಾಬ್ ಸಾಕು, ಅದೂ ಬಿಚ್ಚಿದಾಗ ಕಳಚಿ ಬೀಳದೆ ಬಾಗಿಲಲ್ಲೇ ಉಳಿಯುವಂಥದ್ದು.

ಬ್ಲೇಡು ತುಂಡಾಗುವುದನ್ನು ನೀವು ಇನ್ನೂ ನೋಡಿಲ್ಲವೆಂದು ಕಾಣುತ್ತದೆ. ಪಟಾಕಿ ಸಿಡಿದಂತೆ ಸದ್ದು, ಕಣ್ಣು ಮಿಟುಕಿಸುವುದರೊಳಗೆ ಬ್ಲೇಡು ಚಕ್ರದಿಂದ ಹಾರಿರುತ್ತದೆ. ಕವರ್ ಇದ್ದರೆ ಒಳಗೇ ಮುದುಡಿಕೊಳ್ಳುತ್ತದೆ. ಇಲ್ಲದಿದ್ದರೆ ಕಂಬದ ಎದುರು ಪಕ್ಕಕ್ಕೆ, ಅಂದರೆ ಬ್ಲೇಡಿಗೆ ಎದುರಾಗಿ ನಿಂತವರ ಬಲಗಡೆಗೆ, ಚಾಟಿಯ ಹಾಗೆ ಬರುತ್ತದೆ. ಹಲಗೆ ಎಳೆದುಕೊಳ್ಳುವ ಹುಡುಗ ಆ ಪಕ್ಕದಲ್ಲಿ ನಿಲ್ಲಲೇಬಾರದು. ನೆಲದ ಮೇಲೆ ಬಣ್ಣದ ಗೆರೆ ಎಳೆದು ತೋರಿಸಿ.

ತುಂಡಾಗುವ ಮುನ್ನ ಸೂಚನೆ ಕೊಡುವುದೂ ಉಂಟು. ಬಿರುಕು ಹುಟ್ಟುವುದು ಹಲ್ಲುಗಳ ನಡುವಿನ ತಗ್ಗಿನಲ್ಲಿ ಅಥವಾ ಬೆಸುಗೆಯ ಬಳಿ. ಬಿರುಕು ಬಿಟ್ಟ ಜಾಗ ಗೈಡಿನ ಮೂಲಕ ಹಾಯುವಾಗಲೆಲ್ಲ ಒಂದೇ ತಾಳದಲ್ಲಿ ‘ಟಕ್, ಟಕ್’ ಎನ್ನುತ್ತದೆ. ಆ ಸದ್ದು ಕೇಳಿದರೆ ಕೈಯಲ್ಲಿರುವ ಹಲಗೆ ಮುಗಿಸೋಣ ಎನ್ನಬೇಡಿ, ತಕ್ಷಣ ನಿಲ್ಲಿಸಿ. ನಿಲ್ಲಿಸಿದ ಮೇಲೂ ಎರಡೂ ಚಕ್ರ ಪೂರ್ತಿ ನಿಲ್ಲುವವರೆಗೆ ಬಾಗಿಲು ತೆಗೆಯಬಾರದು.

ಬೇಲಿಯಂಚಿನ, ರಸ್ತೆಬದಿಯ ಮರ ಬಂದರೆ ಮೊಳೆ, ಮುಳ್ಳುತಂತಿ ಹುಡುಕಿ. ಮರ ಅವನ್ನು ನುಂಗಿಕೊಂಡು ಮೇಲೆ ತೊಗಟೆ ಬೆಳೆಸಿಬಿಟ್ಟಿರುತ್ತದೆ. ಕೊಯ್ದ ಮುಖದಲ್ಲಿ ನೀಲಿಗಪ್ಪು ಕಲೆ ಕಂಡರೆ ಒಳಗೆ ಕಬ್ಬಿಣ ಇರಬಹುದು ಎಂದೇ ತಿಳಿಯಿರಿ.

ಬೆಂಗಳೂರು ಪೀಣ್ಯ, ಫ್ಯಾಬ್ರಿಕೇಶನ್:
ತಗಡಿನ ವಿಷಯ ನಾನು ಹೇಳುತ್ತೇನೆ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಲ್ಲಿ ಇದಕ್ಕೆ ಅಳತೆಯೇ ಇದೆ. ಚಕ್ರದ ಮುಂದೆ ಹಿಂದೆ ತಂತಿಬಲೆ ಅಥವಾ ತೂತಿನ ತಗಡು ಹಾಕುವುದಾದರೆ ದಪ್ಪ 20 ಗೇಜಿಗಿಂತ ಕಡಿಮೆ ಇರಬಾರದು (ಗೇಜಿನ ಅಂಕಿ ಇಳಿದಷ್ಟೂ ತಗಡು ದಪ್ಪ), ಕಣ್ಣಿನ ಅಗಲ ಇಂಚಿನ ಎಂಟರಲ್ಲಿ ಮೂರು ಭಾಗ ಮೀರಬಾರದು. ಸುತ್ತಲಿನ ಅಂಚು ಮಾತ್ರ ತೂತಿಲ್ಲದ ಗಟ್ಟಿ ತಗಡೇ ಆಗಿರಬೇಕು. ಸಾಗರದ ಅಣ್ಣ ಹೇಳಿದ ಬ್ಲೇಡು ಬಂದು ಬಡಿಯುವುದು ಆ ಅಂಚಿಗೇ. 20 ಗೇಜು ಎಂಬುದು ಕನಿಷ್ಠ. ನಾನು 16 ಗೇಜು ಹಾಕುತ್ತೇನೆ. ತೆಳು ತಗಡು ಯಂತ್ರದ ಕಂಪನಕ್ಕೆ ಗಡಗಡ ಎನ್ನುತ್ತದೆ, ಯಾರಾದರೂ ಹಲಗೆ ತಾಗಿಸಿದರೆ ಒಳಗೆ ಬಾಗಿ ಚಕ್ರಕ್ಕೆ ಉಜ್ಜುತ್ತದೆ. ಉಜ್ಜಿದ ಮರುದಿನ ಅದನ್ನು ಕಿತ್ತಿಟ್ಟಿರುತ್ತಾರೆ.

ಮೇಲಿನ ಚಕ್ರದ ಅಳತೆ ತೆಗೆಯುವಾಗ ಎಚ್ಚರ. ಬ್ಲೇಡು ಬಿಗಿ ಮಾಡಿದರೆ ಆ ಚಕ್ರ ಮೇಲೇರುತ್ತದೆ, ಸಡಿಲಿಸಿದರೆ ಇಳಿಯುತ್ತದೆ, ಬ್ಲೇಡನ್ನು ದಾರಿಗೆ ತರಲು ವಾಲಿಸಿದರೆ ಮುಂದೆ ಹಿಂದೆ ಬಾಗುತ್ತದೆ. ಈ ಮೂರೂ ಚಲನೆಗೆ ಒಳಗೆ ಜಾಗ ಬೇಕು. ಬಿಗಿ ಮಾಡುವ ಹ್ಯಾಂಡಲ್ ಹೊರಗಿನಿಂದಲೇ ಕೈಗೆ ಸಿಗಬೇಕು. ಬ್ಲೇಡು ಚಕ್ರದ ನಡುವೆ ಓಡುತ್ತಿದೆಯೇ ಎಂದು ನೋಡಲು ಬಾಗಿಲಲ್ಲಿ ಸಣ್ಣ ಕಿಂಡಿ ಬಿಟ್ಟು ಪಾಲಿಕಾರ್ಬೊನೇಟ್ ಹಾಳೆ ಕೂರಿಸಿ. ಅಕ್ರಿಲಿಕ್ ಬೇಡ, ಏಟು ಬಿದ್ದರೆ ಚೂರಾಗುತ್ತದೆ. ನೋಡಬೇಕಾದ್ದು ಮುಚ್ಚಿದ ಬಾಗಿಲಿನಿಂದಲೇ ಕಂಡರೆ ತೆರೆದಿಟ್ಟು ಓಡಿಸಲು ನೆಪ ಸಿಗುವುದಿಲ್ಲ. ಬಾಗಿಲಿನ ಒಳಮೈಗೆ ಕಿತ್ತಳೆ ಬಣ್ಣ ಬಳಿಯಿರಿ, ತೆರೆದಿದ್ದರೆ ದೂರದಿಂದಲೇ ತಿಳಿಯುತ್ತದೆ.

ಒಂದು ಲಿಮಿಟ್ ಸ್ವಿಚ್ ಹಾಕಿಸಿ, ಬಾಗಿಲು ತೆರೆದರೆ ಮೋಟಾರ್ ನಿಲ್ಲುವಂತೆ. ಹೆಚ್ಚಿನವರು ಬಾಗಿಲು ಮುಚ್ಚಿದಾಗ ಸ್ವಿಚ್ ಒತ್ತುವಂತೆ ಕೂರಿಸುತ್ತಾರೆ. ಅದಕ್ಕೆ ಒಂದು ತುಂಡು ಟೇಪ್ ಅಂಟಿಸಿದರೆ ಕಥೆ ಮುಗಿಯಿತು. ತಿರುವಿ ಕೂರಿಸಿ: ಬಾಗಿಲು ತೆರೆಯುವಾಗ ಕೀಲಿನ ಬಳಿಯ ಪಟ್ಟಿ ಬಂದು ಸ್ವಿಚ್ಚನ್ನು ಒತ್ತಬೇಕು, ಒತ್ತಿದಾಗ ಸಂಪರ್ಕ ಕಡಿಯಬೇಕು. ಆಗ ಟೇಪಿನಿಂದ ಮೋಸ ಮಾಡಲಾಗುವುದಿಲ್ಲ, ಒಳಗಿನ ಸ್ಪ್ರಿಂಗ್ ಮುರಿದರೂ ಪಟ್ಟಿಯ ಬಲಕ್ಕೆ ಸಂಪರ್ಕ ಬಿಡುತ್ತದೆ. ಸ್ಟಾರ್ಟರಿನ ಕೆಂಪು ಬಟನ್ ಇರುವ ಸಾಲಿನಲ್ಲೇ ಇದರ ವೈರು ಹೋಗಬೇಕು.

ಚನ್ನಪಟ್ಟಣ, ಆಟಿಕೆ ತಯಾರಿಕೆ:
ನಮ್ಮಲ್ಲಿ ಹಾಲೆ ಮರದ ದುಂಡು ತುಂಡುಗಳನ್ನು ಅಡ್ಡಕೊಯ್ಯುವ ಕೆಲಸ ಹೆಚ್ಚು. ದುಂಡು ಮರವನ್ನು ಬರಿಗೈಯಲ್ಲಿ ಹಿಡಿದು ಬ್ಲೇಡಿಗೆ ಕೊಟ್ಟರೆ ಹಲ್ಲು ಕಚ್ಚಿದ ಕೂಡಲೇ ತುಂಡು ಗಿರಕ್ಕನೆ ಉರುಳಿ ಬೆರಳನ್ನೂ ಎಳೆದುಕೊಂಡು ಹೋಗುತ್ತದೆ. ಇದಕ್ಕೆ ತಗಡಿನ ಯಾವ ಗಾರ್ಡೂ ಅಡ್ಡ ಬರುವುದಿಲ್ಲ. ಎರಡು ಹಲಗೆಗಳನ್ನು ಇಳಿಜಾರಾಗಿ ಕೂಡಿಸಿ ತೊಟ್ಟಿಲಿನಂಥ ಆಸರೆ ಮಾಡಿಕೊಂಡಿದ್ದೇವೆ. ತುಂಡು ಅದರಲ್ಲಿ ಕೂರುತ್ತದೆ, ಆಸರೆಯೇ ಬ್ಲೇಡಿನತ್ತ ಸರಿಯುತ್ತದೆ, ಕೈ ಹಿಂದೆಯೇ ಉಳಿಯುತ್ತದೆ. ಸಣ್ಣ ಚಪ್ಪಟೆ ತುಂಡುಗಳಿಗೆ ತಳ್ಳುಕೋಲು. ನಾಲ್ಕು ಇಂಚಿಗಿಂತ ಹತ್ತಿರಕ್ಕೆ ಬೆರಳು ಹೋಗಬಾರದು ಎಂದು ಮೇಜಿನ ಮೇಲೆ ಕೆಂಪು ಗೆರೆ ಹಾಕಿದ್ದೇವೆ. ತಳ್ಳುಕೋಲನ್ನು ದಾರದಿಂದ ಯಂತ್ರಕ್ಕೇ ಕಟ್ಟಿಡಿ. ಮೂಲೆಯಲ್ಲಿದ್ದರೆ ಯಾರೂ ಎದ್ದು ಹೋಗಿ ತರುವುದಿಲ್ಲ.

ಕೈಗವಸು ಬೇಡವೇ ಬೇಡ. ಹಲ್ಲಿಗೆ ನೂಲು ಸಿಕ್ಕಿದರೆ ಕೈಯೇ ಹೋಗುತ್ತದೆ. ಬ್ಲೇಡು ಬದಲಿಸುವಾಗ ಮಾತ್ರ ಹಾಕಿಕೊಳ್ಳಿ. ಹೆಣ್ಣುಮಕ್ಕಳು ಕೆಲಸಕ್ಕಿದ್ದರೆ ದುಪಟ್ಟಾ, ಸೆರಗು ಮುಚ್ಚುವಂತೆ ಮೇಲೆ ಏಪ್ರನ್ ಕಟ್ಟಿಸಿ, ಬಳೆ ತೆಗೆಸಿ. ಗಂಡಸರ ಹೆಗಲ ಟವೆಲ್ಲಿಗೂ ಇದೇ ಮಾತು.

ಅರಸೀಕೆರೆ, ಪೀಠೋಪಕರಣ ಕೆಲಸ:
ಇಷ್ಟು ವಿವರವಾಗಿ ಯಾರೂ ಹೇಳಿಕೊಟ್ಟಿರಲಿಲ್ಲ, ತುಂಬಾ ಉಪಕಾರವಾಯಿತು. ಎರಡು ಸಂದೇಹ. ಕೆಳಗಿನ ಚಕ್ರವನ್ನು ಪೂರ್ತಿ ಮುಚ್ಚಿದರೆ ಹುಡಿ ಒಳಗೇ ತುಂಬಿಕೊಳ್ಳುವುದಿಲ್ಲವೇ? ಇನ್ನೊಂದು, ಈಗ ಇರುವುದು ಹಳೆಯ ಹಿಡಿಕೆಯ ತ್ರೀ ಫೇಸ್ ಸ್ವಿಚ್. ಅದು ಸಾಕೇ?

ಬೆಂಗಳೂರು ಪೀಣ್ಯ, ಫ್ಯಾಬ್ರಿಕೇಶನ್:
ತುಂಬಿಕೊಳ್ಳುತ್ತದೆ. ಕೆಳಗಿನ ಕವರ್ ಕಿತ್ತುಹಾಕುವುದಕ್ಕೆ ಮುಖ್ಯ ಕಾರಣವೇ ಅದು. ಕವರಿನ ತಳದಲ್ಲಿ ನಾಲ್ಕು ಇಂಚಿನ ಕೊಳವೆ ಬಾಯಿ ಇಟ್ಟು ಹುಡಿ ಎಳೆಯುವ ಬ್ಲೋವರಿಗೆ ಜೋಡಿಸಿ. ಬ್ಲೋವರ್ ಈಗಲೇ ಬೇಡವೆಂದರೆ ತಳವನ್ನು ಇಳಿಜಾರು ಮಾಡಿ, ಕೈ ಹಾಕಿದರೂ ಚಕ್ರಕ್ಕೆ ಎಟುಕದಷ್ಟು ದೂರದಲ್ಲಿ ಹುಡಿ ಬೀಳುವ ಬಾಯಿ ಬಿಡಿ. ಆದರೂ ಬ್ಲೋವರ್ ಹಾಕಿಸಿದರೇ ಒಳ್ಳೆಯದು. ಮರದ ಹುಡಿ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 1995ರಲ್ಲೇ ಪಟ್ಟಿಗೆ ಸೇರಿಸಿದೆ.

ತುಮಕೂರು, ಎಲೆಕ್ಟ್ರಿಷಿಯನ್:
ಹಿಡಿಕೆಯ ಸ್ವಿಚ್ ಇಂದೇ ಬದಲಿಸಿ. ಕರೆಂಟ್ ಹೋಯಿತೆನ್ನಿ. ಹುಡುಗ ಸ್ವಿಚ್ ಆಫ್ ಮಾಡದೆ ಬಾಗಿಲು ತೆರೆದು ಹುಡಿ ಬಾಚುತ್ತಾನೆ. ಕರೆಂಟ್ ಬಂದ ಕ್ಷಣ ಯಂತ್ರ ತಾನೇ ಓಡತೊಡಗುತ್ತದೆ. ಹಸಿರು, ಕೆಂಪು ಬಟನ್ನಿನ ಡಿಒಎಲ್ ಸ್ಟಾರ್ಟರ್ (ಮೋಟಾರನ್ನು ನೇರವಾಗಿ ಲೈನಿಗೆ ಜೋಡಿಸಿ ಚಾಲೂ ಮಾಡುವ ಪೆಟ್ಟಿಗೆ) ಹಾಕಿಸಿದರೆ ಕರೆಂಟ್ ಹೋದಾಗ ಅದರ ಕಾಯಿಲ್ ಕೈಬಿಡುತ್ತದೆ, ಮತ್ತೆ ಹಸಿರು ಒತ್ತುವವರೆಗೆ ಮೋಟಾರ್ ಏಳುವುದಿಲ್ಲ. ಪೀಣ್ಯದವರು ಹೇಳಿದ ಲಿಮಿಟ್ ಸ್ವಿಚ್ಚಿಗೂ ಇದೇ ಸ್ಟಾರ್ಟರ್ ಬೇಕು. ನಿಲ್ಲಿಸಲು ಅಣಬೆಯಾಕಾರದ ದೊಡ್ಡ ಕೆಂಪು ಬಟನ್ ಇರಲಿ. ಎರಡೂ ಕೈ ಮರದ ಮೇಲಿರುವಾಗ ಮೊಣಕಾಲಿನಿಂದ ಒತ್ತಲು ಎಟುಕುವಲ್ಲಿ ಇನ್ನೊಂದು ಇದ್ದರೆ ಮತ್ತೂ ಒಳ್ಳೆಯದು.

ವೈರಿಂಗ್ ಮುಗಿದ ಮೇಲೆ ತಿರುಗುವ ದಿಕ್ಕು ನೋಡಿ. ಎರಡು ಫೇಸ್ ಅದಲುಬದಲಾದರೆ ಬ್ಲೇಡು ಮೇಲ್ಮುಖವಾಗಿ ಓಡಿ ಮರವನ್ನು ಎತ್ತಿ ಎಸೆಯುತ್ತದೆ. ಮೇಜಿನ ಬಳಿ ಹಲ್ಲು ಕೆಳಮುಖವಾಗಿರಬೇಕು, ಬ್ಲೇಡೂ ಕೆಳಕ್ಕೇ ಓಡಬೇಕು. ಅರ್ತಿಂಗ್ ಬಗ್ಗೆ ಬಿಡಿಸಿ ಹೇಳಬೇಕಿಲ್ಲ.

ಇಂಗ್ಲೆಂಡಿನ ಲೀಡ್ಸ್, ಮರಗೆಲಸದ ಕಾರ್ಖಾನೆ, ಮೂಲ ಕುಂದಾಪುರ:
ಇಲ್ಲಿ ಬ್ಯಾಂಡ್ ಸಾ ಯಂತ್ರಗಳಿಗೆ ಬ್ರೇಕ್ ಇರುತ್ತದೆ. ಸ್ವಿಚ್ ಆಫ್ ಮಾಡಿದ ಹತ್ತು ಸೆಕೆಂಡಿನೊಳಗೆ ಬ್ಲೇಡು ನಿಲ್ಲಬೇಕೆಂಬುದು ರೂಢಿ. ಎರಕದ ಚಕ್ರ ತನ್ನ ಭಾರಕ್ಕೆ ಬಹಳ ಹೊತ್ತು ತಿರುಗುತ್ತಲೇ ಇರುತ್ತದೆ, ಸದ್ದೂ ಇರುವುದಿಲ್ಲ, ನಿಂತಿದೆ ಎಂದುಕೊಂಡು ಚೂರು ತೆಗೆಯಲು ಕೈ ಚಾಚುತ್ತಾರೆ. ಲಿಮಿಟ್ ಸ್ವಿಚ್ ಮೋಟಾರನ್ನು ನಿಲ್ಲಿಸುತ್ತದೆಯೇ ಹೊರತು ಚಕ್ರವನ್ನಲ್ಲ, ಇದನ್ನು ಮರೆಯಬೇಡಿ. ನಿಮ್ಮ ಹಳೆಯ ಯಂತ್ರಕ್ಕೆ ಕಾಲಿನಿಂದ ಒತ್ತುವ ಬ್ರೇಕ್ ಕೂರಿಸಲು ಜಾಗವಿದೆಯೇ ಎಂದು ಪೀಣ್ಯದವರನ್ನು ಕೇಳಿ. ಅಲ್ಲಿಯವರೆಗೆ ಚೂರು ತೆಗೆಯಲು ಬರಿ ಕಡ್ಡಿ, ಕೈ ಸಲ್ಲದು.

ಮೈಸೂರು, ಕಾರ್ಖಾನೆ ಸುರಕ್ಷತಾ ಅಧಿಕಾರಿ, ನಿವೃತ್ತ:
ಕಾನೂನಿನ ಮಾತು ಯಾರೂ ಎತ್ತಲಿಲ್ಲ, ಚಿಕ್ಕದಾಗಿ ಹೇಳುತ್ತೇನೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮಿನಲ್ಲಿ ಅಪಾಯದ ಚಲಿಸುವ ಭಾಗಗಳಿಗೆ ಗಟ್ಟಿಯಾದ ರಕ್ಷಣೆ ಇರಬೇಕು, ಯಂತ್ರ ಓಡುತ್ತಿರುವಷ್ಟು ಹೊತ್ತೂ ಅದು ಸ್ವಸ್ಥಾನದಲ್ಲೇ ಇರಬೇಕು ಎಂದಿತ್ತು. ಮಾಡಿಸಿ ಮೂಲೆಯಲ್ಲಿ ಇಟ್ಟ ಗಾರ್ಡ್ ಲೆಕ್ಕಕ್ಕಿಲ್ಲ. ಇಬ್ಬರೇ ಕೆಲಸಗಾರರಿರುವ ನಿಮ್ಮ ಶೆಡ್ಡು ಕಾರ್ಖಾನೆ ಎನಿಸದಿರಬಹುದು. ಹಾಗೆಂದು ಬ್ಲೇಡು ವಿನಾಯಿತಿ ಕೊಡುವುದಿಲ್ಲ. ಹೊಸ ಹುಡುಗನ ವಯಸ್ಸು ನೋಡಿಕೊಳ್ಳಿ. ಹದಿನೆಂಟು ತುಂಬದಿದ್ದರೆ ಈ ಯಂತ್ರದ ಬಳಿಗೆ ಬಿಡಲೇಬೇಡಿ.

ಗಾರ್ಡ್ ಕೂರಿಸಿದ ದಿನ ಮಾಡಬೇಕಾದ್ದು ಹೀಗೆ. ವೈರು ಕಳಚಿ, ಬಾಗಿಲು ಮುಚ್ಚಿ, ಮೋಟಾರಿನ ಬೆಲ್ಟನ್ನು ಕೈಯಿಂದ ತಿರುಗಿಸಿ ಬ್ಲೇಡು ಎಲ್ಲಾದರೂ ತಗಡಿಗೆ ಉಜ್ಜುತ್ತದೆಯೇ ಎಂದು ಕೇಳಿಸಿಕೊಳ್ಳಿ. ಗೈಡನ್ನು ಮೇಲಿನ ತುದಿಗೂ ಕೆಳಗಿನ ತುದಿಗೂ ಸರಿಸಿ ಮತ್ತೆ ತಿರುಗಿಸಿ. ಬ್ಲೇಡಿನ ಬೆನ್ನ ಹಿಂದಿನ ಬೇರಿಂಗ್ ಖಾಲಿ ಓಡುವಾಗ ಬ್ಲೇಡಿಗೆ ತಾಗಬಾರದು, ಮರ ಒತ್ತಿದಾಗ ಮಾತ್ರ ತಾಗಬೇಕು. ಪಕ್ಕದ ಗೈಡುಗಳು ಹಲ್ಲಿಗಿಂತ ಹಿಂದೆ ಇರಲಿ. ಆಮೇಲೆ ಕರೆಂಟ್ ಕೊಟ್ಟು, ಕಂಬದ ಪಕ್ಕ ನಿಂತು ಯಂತ್ರ ಚಾಲೂ ಮಾಡಿ ಖಾಲಿಯೇ ಓಡಲು ಬಿಡಿ. ಮುಖ್ಯ ಸ್ವಿಚ್ ಆಫ್ ಮಾಡಿ ಮತ್ತೆ ಹಾಕಿ: ಯಂತ್ರ ತಾನಾಗಿ ಏಳಬಾರದು. ಚಕ್ರ ಪೂರ್ತಿ ನಿಂತ ಮೇಲೆ ಬಾಗಿಲು ತೆರೆದಿಟ್ಟು, ದೂರ ಸರಿದು ಹಸಿರು ಬಟನ್ ಒತ್ತಿ: ಆಗಲೂ ಏಳಬಾರದು. ಇವೆರಡೂ ಸರಿಯಿದ್ದರೆ ಮೊದಲ ಹಲಗೆ ಕೊಡಿ.